ಕೊನೆಯ ಅಂಕಿ ಏಳು

ಇಗ್ನಾಸನ ಕಷ್ಟ ಶುರುವಾದದ್ದು ಒಂದು ಒಳ್ಳೆಯ ಬುದ್ಧಿಮಾತಿನಿಂದ.

ಹಿಂದಿನ ದಿನ ನಮ್ಮ ದ್ವೀಪಗಳ ಕಡೆಯ ಕಾವಿಯೆಂಗ್ ಪಟ್ಟಣದಿಂದ ಫೋನ್ ಕಂಪನಿಯ ಹುಡುಗಿಯೊಬ್ಬಳು ಬಂದಿದ್ದಳು. ಚರ್ಚಿನ ಅಂಗಳದಲ್ಲಿ ಊರವರನ್ನೆಲ್ಲ ಕೂರಿಸಿಕೊಂಡು, ಫೋನನ್ನು ಜೋಪಾನವಾಗಿ, ಹಿತಮಿತವಾಗಿ ಬಳಸುವುದು ಹೇಗೆಂದು ಹೇಳಿಕೊಟ್ಟಳು. ಮಲಗುವಾಗ ಆಫ್ ಮಾಡಿ, ಬ್ಯಾಟರಿ ಉಳಿಯುತ್ತದೆ. ನೀರಿನಿಂದ ದೂರ ಇಡಿ. ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ಎತ್ತಬೇಡಿ. ಎಲ್ಲಕ್ಕಿಂತ ಮುಖ್ಯ, ಸಿಮ್ಮಿಗೊಂದು ಪಿನ್ ಹಾಕಿ, ಕದ್ದವನಿಗೆ ಉಪಯೋಗಕ್ಕೆ ಬಾರದ ಹಾಗೆ. ಊರವರು ಅಡಿಕೆ ಜಗಿಯುತ್ತ ತಲೆಯಾಡಿಸಿದರು. ಅವಳು ಹಂಚಿದ ಟೋಪಿ ಹಾಕಿಕೊಂಡು ಮನೆಗೆ ಹೋಗಿ ಎಲ್ಲವನ್ನೂ ಮರೆತರು. ಹೇಳಿದ್ದನ್ನು ಹೇಳಿದ ಹಾಗೆ ಪಾಲಿಸಿದವನು ಇಗ್ನಾಸ್ ಒಬ್ಬನೇ.

ಅವನು ಅಲ್ಲೇ ಹುಡುಗಿಯ ಎದುರಿಗೆ ಪಿನ್ ಹಾಕಿದ. ಯಾರೂ ಊಹಿಸಬಾರದು ಎಂದು ಅವಳು ಹೇಳಿದ್ದಳಲ್ಲ, ಅದಕ್ಕೆ ಮದುವೆಯಾದ ವರ್ಷ ಬಿಟ್ಟ, ಹೆಂಡತಿ ತೀರಿಕೊಂಡ ವರ್ಷ ಬಿಟ್ಟ, ಬಹಳ ಯೋಚಿಸಿ ಯಾವುದಕ್ಕೂ ಸಂಬಂಧವಿಲ್ಲದ ನಾಲ್ಕು ಅಂಕಿ ಆರಿಸಿದ. ಬೆಳಗಾಗುವ ಹೊತ್ತಿಗೆ ಆ ಅಂಕಿಗಳಿಗೆ ಅವನ ಜೊತೆಗೂ ಸಂಬಂಧ ಉಳಿದಿರಲಿಲ್ಲ.

ಫೋನ್ ಆನ್ ಮಾಡಿದ. ಪಿನ್ ಕೇಳಿತು. ಇಗ್ನಾಸ್ ಅದನ್ನು ನೋಡಿದ, ಅದು ಇವನನ್ನು ನೋಡಿತು.

ಬೇರೆಯವರಿಗಾದರೆ ಇದು ಅಂಥ ದೊಡ್ಡ ಮಾತಲ್ಲ. ಆದರೆ ಇಗ್ನಾಸನಿಗೆ ಇಡೀ ದಿನದಲ್ಲಿ ಮಾತು ಅಂತ ಇದ್ದದ್ದು ಆ ಫೋನಿನ ಒಳಗೆ ಮಾತ್ರ. ಹೆಂಡತಿ ರೆಜಿನಾ ಹೋದ ಮೇಲೆ ಅವನು, ಅವನ ನಾಯಿ ಸಾರ್ಜೆಂಟ್, ಕೊಬ್ಬರಿ ಒಣಗಿಸುವ ಗೂಡು, ಅದರ ಹೊಗೆ, ಇಷ್ಟೇ. ಜನ ಬರುತ್ತಿದ್ದರು. ತೆಂಗಿನಕಾಯಿ ಇಳಿಸಿ, ಕೊಬ್ಬರಿ ಹೊತ್ತುಕೊಂಡು ಹೋಗುತ್ತಿದ್ದರು. ಬೆಂಕಿ ಹೆಚ್ಚಾಯಿತು, ಬೆಂಕಿ ಕಮ್ಮಿಯಾಯಿತು ಎನ್ನುತ್ತಿದ್ದರು. ಅದು ಗೂಡಿನ ಜೊತೆ ಆಡುವ ಮಾತೇ ಹೊರತು ಇಗ್ನಾಸನ ಜೊತೆ ಆಡುವ ಮಾತಲ್ಲ.

ನಮ್ಮ ಕಡೆ ಒಂಟಿಯಾದವರು ಫೋನಿನಲ್ಲಿ ಗೆಳೆತನ ಹುಡುಕುವುದು ಹೊಸದೇನಲ್ಲ. ತನ್ನದೇ ನಂಬರಿನ ಕೊನೆಯ ಅಂಕಿಯನ್ನು ಬದಲಿಸಿ ಒತ್ತುವುದು, ಯಾರು ಎತ್ತುತ್ತಾರೋ ಅವರ ಜೊತೆ ಮಾತಾಡುವುದು. ಬೈದರೆ ಇನ್ನೊಂದು ಅಂಕಿ. ರೆಜಿನಾ ಸತ್ತ ವರ್ಷದ ಮಳೆಗಾಲದಲ್ಲಿ ಒಂದು ಸಂಜೆ ಇಗ್ನಾಸನೂ ಹಾಗೆ ಮಾಡಿದ. ಅವನ ನಂಬರು ಆರಕ್ಕೆ ಮುಗಿಯುತ್ತದೆ. ಏಳು ಒತ್ತಿದ. ವಯಸ್ಸಾದ ಹೆಂಗಸೊಬ್ಬಳು ಎತ್ತಿದಳು. ಬೈಯಲಿಲ್ಲ.

ಅಂದಿನಿಂದ ಸೂರ್ಯ ಕಡಲಿಗಿಳಿಯುವ ಹೊತ್ತಿಗೆ ಅವನು ಹಳ್ಳದ ದಡದ ಗಾಲಿಪ್ ಮರದ ಕೆಳಗೆ ಕೂರುತ್ತಿದ್ದ. ಹಳ್ಳದ ಈ ಕಡೆ ಸಿಗ್ನಲ್ ಸಿಗುವುದು ಅಲ್ಲಿಯೇ. ಅವಳು ಕರೆ ಮಾಡುತ್ತಿದ್ದಳು. ಯಾವ ದ್ವೀಪದವಳೋ ಏನೋ, ಇಬ್ಬರೂ ಎಲ್ಲ ದ್ವೀಪದವರಿಗೂ ಅರ್ಥವಾಗುವ ಪಿಜಿನ್ ಎಂಬ ಬೆರಕೆ ಭಾಷೆಯಲ್ಲಿ ಮಾತಾಡುತ್ತಿದ್ದರು. ಅವಳ ಮಾತಿನ ಹಿಂದೆ ಕಡಲ ಸದ್ದು ಇರುತ್ತಿತ್ತು.

"ಊಟಕ್ಕೇನು ಮಾಡಿದೆ?" ಎನ್ನುತ್ತಿದ್ದಳು.

"ಗೆಣಸು."

"ನಿನ್ನೇನೂ ಗೆಣಸೇ ಅಲ್ವಾ?"

"ಮೊನ್ನೇನೂ."

ಅವಳು ನಗುತ್ತಿದ್ದಳು. ಹಲ್ಲಿಲ್ಲದ ಬಾಯಿಯ ನಗು, ಗಾಳಿಯೇ ಹೆಚ್ಚು. ಒಮ್ಮೆ ಅವನು ಸತ್ತ ಹೆಂಡತಿಯ ವಿಷಯ ಹೇಳಿದ. ಸಿಟ್ಟು ಬಂದರೆ ಕಾಯಿ ತುರಿಯುವ ಮಣೆಯನ್ನೇ ಎತ್ತಿ ಎಸೆಯುತ್ತಿದ್ದಳು ಎಂದ. ಆಕೆ ನಕ್ಕಳು, ಆಮೇಲೆ ಬಹಳ ಹೊತ್ತು ಏನೂ ಹೇಳಲಿಲ್ಲ. "ನಂಗೂ ಒಬ್ಬಳು ಮಗಳಿದ್ದಳಪ್ಪಾ, ಹೋಗ್ಬಿಟ್ಳು" ಎಂದಳು. ಅವನು ಹೆಸರು ಕೇಳಲು ಹೋದಾಗ, "ಫೋನಲ್ಲಿ ಹೆಸರೆಲ್ಲ ಯಾಕೆ? ದನಿ ಇದೆಯಲ್ಲ, ಸಾಕು" ಎಂದಳು. ಅವನಿಗೂ ಸರಿಯೆನ್ನಿಸಿತು.

ನಿನ್ನೆ ಸಂಜೆ ಅವಳು ಹೇಳಿದ್ದಳು: "ನಾಳೆ ನಿಂಗೊಂದು ವಿಷಯ ಹೇಳ್ಬೇಕು. ಧೈರ್ಯ ಮಾಡ್ಕೊಂಡು ಹೇಳ್ತೀನಿ. ಎತ್ತು, ಆಯ್ತಾ? ಎತ್ತಲಿಲ್ಲ ಅಂದ್ರೆ ನಿಂಗೆ ಈ ಮುದುಕಿ ಸಾಕಾಯ್ತು ಅಂದ್ಕೋತೀನಿ. ಇನ್ಯಾವತ್ತೂ ಮಾಡಲ್ಲ."

"ಎತ್ತದೆ ಇರ್ತೀನಾ!" ಎಂದ ಇಗ್ನಾಸ್. ಕಂಪನಿಯ ಹುಡುಗಿ ಹೇಳಿದ್ದು ಇನ್ನೂ ಬಿಸಿಯಾಗಿತ್ತು, ಅದನ್ನೂ ಸೇರಿಸಿದ: "ನೋಡಿ, ಗುರುತಿಲ್ಲದ ನಂಬರಿಂದ ಕರೆ ಬಂದ್ರೆ ಮಾತ್ರ ಎತ್ತಬೇಡಿ. ಮೋಸ ಜಾಸ್ತಿಯಂತೆ."

"ಎತ್ತಲ್ಲ ಬಿಡು" ಎಂದು ಅವಳು ಮಾತು ಕೊಟ್ಟಿದ್ದಳು.

ಬೆಳಗ್ಗೆ ಇಗ್ನಾಸ್ ನೆನಪಿಗೆ ಬಂದ ಹಾಗೆ ನಾಲ್ಕು ಅಂಕಿ ಒತ್ತಿದ. ತಪ್ಪು ಎಂದಿತು. "ಅಯ್ಯೋ" ಎಂದ. ಅವನು ಎಂದದ್ದು ಮೆಲ್ಲಗೇ. ಆದರೆ ಪಕ್ಕದ ಮನೆಯ ಸಬೀನಾಳ ಕಿವಿ ಊರಿಗೇ ಹೆಸರಾದದ್ದು. ಅವಳು ರೆಜಿನಾಳ ಅಣ್ಣನ ಹೆಂಡತಿ. ಕೈಯಲ್ಲಿ ಸುಲಿಯುತ್ತಿದ್ದ ಕೆಸುವಿನ ಗೆಡ್ಡೆಯ ಸಮೇತ ಬಂದಳು.

"ಏನ್ ಭಾವ, ಯಾರು ಸತ್ರು?"

"ಪಿನ್ ಮರ್ತೋಯ್ತು ಸಬೀನಾ."

"ಇಷ್ಟೇನಾ! ಗಂಡಸ್ರು ಯೋಚಿಸೋದೆಲ್ಲ ನಂಗೊತ್ತು. ಮದುವೆ ಆದ ವರ್ಷಾನೇ ಹಾಕಿರ್ತೀರಿ." ಅವನು ಬೇಡ ಬೇಡ ಎನ್ನುವಷ್ಟರಲ್ಲಿ ಗೆಡ್ಡೆಯ ಕೈಯಲ್ಲೇ ಒತ್ತಿದಳು. ತಪ್ಪು.

ಇನ್ನು ಒಂದೇ ಅವಕಾಶ ಎಂದು ಫೋನ್ ತೋರಿಸಿತು. ಅಷ್ಟು ಹೊತ್ತಿಗೆ ಕೊಸ್ಮಾಸ್ ಬಂದಿದ್ದ. ವಯಸ್ಸಿನಲ್ಲಿದ್ದಾಗ ಕೊಸ್ಮಾಸ್ ಪೊಲೀಸ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿದವನು. ಅದರಿಂದಾಗಿ ಊರಿನ ಕಾನೂನಿಗೆಲ್ಲ ಅವನೇ ಯಜಮಾನ.

"ಯಾರೂ ಮುಟ್ಬೇಡಿ. ಇಲ್ಲಿ ಕೊಡು. ಕಂಪನಿಯವರು ಎಲ್ಲರಿಗೂ ಇಡೋದು ಒಂದೇ, ನಾಲ್ಕು ಸೊನ್ನೆ."

"ಅಣ್ಣಾ, ಅದು ನಾನೇ ಹಾಕಿದ್ದು, ಕಂಪನಿಯವರಲ್ಲ..."

"ಲೋ ಇಗ್ನಾಸ್, ಸರ್ಕಾರದಲ್ಲಿ ಕೆಲಸ ಮಾಡಿದೋನು ನಾನೋ ನೀನೋ?"

ನಾಲ್ಕು ಸೊನ್ನೆ ಒತ್ತಿದ. ಸಿಮ್ಮಿಗೆ ಬೀಗ ಬಿತ್ತು. ಕೊಸ್ಮಾಸ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಎಷ್ಟು ಭದ್ರವಾಗಿದೆ ನೋಡು! ಆ ಹುಡುಗಿ ಸುಳ್ಳು ಹೇಳ್ಲಿಲ್ಲ" ಎಂದು ಮೆಚ್ಚಿಕೊಂಡ.

ಇಗ್ನಾಸ್ ಕಾದ ಕಲ್ಲಿನ ಮೇಲೆ ಬಿದ್ದ ಏಡಿಯ ಹಾಗೆ ವೈಮನ ಅಂಗಡಿಗೆ ಓಡಿದ. ವೈಮ್ ನಮ್ಮವನಲ್ಲ, ದೂರದ ಬೆಟ್ಟದ ಸೀಮೆಯವನು. ಎದೆಯವರೆಗೆ ಗಡ್ಡ, ಡಬ್ಬದೊಳಗಿಂದ ಬರುವಂಥ ದನಿ. ಅಂಗಡಿಯ ಮಾಡಿನ ಮೇಲೆ ಸೋಲಾರ್ ಹಲಗೆ ಹಾಕಿ ಊರಿನ ಫೋನುಗಳನ್ನೆಲ್ಲ ಚಾರ್ಜ್ ಮಾಡಿಕೊಡುತ್ತಿದ್ದ. ಅವನ ಫೋನ್ ತೆಗೆದುಕೊಂಡು ಎಲ್ಲರೂ ಗಾಲಿಪ್ ಮರದ ಕೆಳಗೆ ಬಂದರು. ಇಗ್ನಾಸ್ ಮೊದಲು ಏಳರ ನಂಬರನ್ನೇ ಒತ್ತಿದ. ಅದು ಹೊಡೆದುಕೊಂಡಿತು, ಹೊಡೆದುಕೊಂಡಿತು, ನಿಂತಿತು. ಯಾರೂ ಎತ್ತಲಿಲ್ಲ. ಗುರುತಿಲ್ಲದ ನಂಬರು. ಅವನು ಕಲಿಸಿದ್ದನ್ನು ಅವಳು ಚೆನ್ನಾಗಿಯೇ ಕಲಿತಿದ್ದಳು.

ಉಳಿದದ್ದು ಕಂಪನಿ. ವೈಮ್ ಸ್ಪೀಕರ್ ಹಾಕಿ ಫೋನನ್ನು ಮರದ ಬೇರಿನ ಮೇಲಿಟ್ಟ. ಫೋನು ಬಹಳ ಹೊತ್ತು ಗಿಟಾರ್ ಕೇಳಿಸಿದ ಮೇಲೆ ಒಬ್ಬಳು ಹುಡುಗಿ ಲೈನಿಗೆ ಬಂದಳು.

"ಬೀಗ ತೆಗೆಯೋ ನಂಬರ್ ಕೊಡ್ತೀನಿ ಸಾರ್. ಸಿಮ್ ಯಾರ ಹೆಸರಲ್ಲಿದೆ ಹೇಳಿ."

ಇಗ್ನಾಸ್ ಬಾಯಿ ತೆರೆದ. ಹಾಗೇ ಮುಚ್ಚಿದ.

ಸಿಮ್ ತಂದವಳು ರೆಜಿನಾ. ಗುರುತಿನ ಚೀಟಿ ತೋರಿಸಬೇಕೆಂದು ಕಂಪನಿಯವರು ಹಟ ಹಿಡಿದಾಗ, ಮನೆತನದಲ್ಲಿ ಚೀಟಿ ಇದ್ದದ್ದು ಅವಳ ತಾಯಿಗೊಬ್ಬಳಿಗೆ. ಸಿಮ್ ಅವಳ ಹೆಸರಿನಲ್ಲಿತ್ತು. ಅಂದರೆ ಇಗ್ನಾಸನ ಅತ್ತೆಯ ಹೆಸರಿನಲ್ಲಿ.

ಅತ್ತೆ ಎಂದರೆ ನಮ್ಮಲ್ಲಿ ತಂಬು. ಅಳಿಯನಾದವನು ಅವಳ ಹೆಸರು ಹೇಳುವ ಹಾಗಿಲ್ಲ, ಮುಖ ನೋಡುವ ಹಾಗಿಲ್ಲ, ಅವಳೊಡನೆ ಮಾತಾಡುವ ಹಾಗಿಲ್ಲ. ಅವಳಿರುವುದು ಹಳ್ಳದ ಆಚೆ ದಡದಲ್ಲಿ. ದಾರಿಯಲ್ಲಿ ಇವನು ಕಂಡರೆ ಕೇದಗೆ ಗರಿಯ ಕೊಪ್ಪೆಯನ್ನು ಮುಖದ ಮೇಲೆಳೆದುಕೊಂಡು ಪೊದೆಯ ಹಿಂದೆ ನಿಲ್ಲುತ್ತಿದ್ದಳು. ತೀರ ಹೇಳಲೇಬೇಕಾದ್ದು ಏನಾದರೂ ಇದ್ದರೆ ಇವನು ನಾಯಿಗೆ ಹೇಳುತ್ತಿದ್ದ: "ಸಾರ್ಜೆಂಟ್, ನಾಳೆ ಮೀನು ತಂದು ಕಲ್ಲಿನ ಮೇಲಿಡ್ತೀನಪ್ಪಾ." ಆಚೆ ದಡದಲ್ಲಿ ಕೊಪ್ಪೆ ತಲೆಯಾಡಿಸುತ್ತಿತ್ತು. ಮದುವೆಯಾದಂದಿನಿಂದ ಅವಳ ದನಿಯನ್ನು ಅವನು ಕೇಳಿದವನೇ ಅಲ್ಲ. ರೆಜಿನಾ ಸತ್ತ ದಿನ ಹೆಂಗಸರೆಲ್ಲ ಕೂಡಿ ಅತ್ತಾಗಲೂ ಆ ಅಳುವಿನಲ್ಲಿ ಅತ್ತೆಯದು ಯಾವುದೆಂದು ಅವನಿಗೆ ತಿಳಿದಿರಲಿಲ್ಲ. ಹಾಗೆಂದು ಅವಳು ಕೆಟ್ಟವಳಲ್ಲ. ಎರಡು ದಿನ ಗೆಣಸೇ ತಿಂದನೆಂದರೆ ಮೂರನೆಯ ದಿನ, ಹೇಗೆ ಗೊತ್ತಾಗುತ್ತಿತ್ತೋ, ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನನ್ನು ಎಲೆಯಲ್ಲಿ ಕಟ್ಟಿ ಸಬೀನಾಳ ಕೈಯಲ್ಲಿ ಕಳಿಸುತ್ತಿದ್ದಳು. ಸಾರ್ಜೆಂಟ್ ಅಂತೂ ದಿನಾ ಹಳ್ಳ ಈಜಿಕೊಂಡು ಹೋಗಿ ಅವಳ ಕೈಯಿಂದ ಮೀನಿನ ತಲೆ ತಿಂದು ಬರುತ್ತಿತ್ತು.

"ಸಾರ್? ಹೆಸರು ಹೇಳಿ ಸಾರ್."

"ಹೆಸರು... ನಂಗೊತ್ತು. ಹೇಳಕ್ಕಾಗಲ್ಲ."

"ಗೊತ್ತಿದ್ದು ಹೇಳಕ್ಕಾಗ್ದೆ ಇದ್ರೆ ಬೀಗ ತೆಗೆಯಕ್ಕಾಗಲ್ಲ ಸಾರ್" ಎಂದು ಹುಡುಗಿ ಇಟ್ಟುಬಿಟ್ಟಳು. ಪಟ್ಟಣದವಳು.

ಇಗ್ನಾಸ್ ಸಬೀನಾಳ ಮುಖ ನೋಡಿದ.

"ನನ್ನನ್ಯಾಕೆ ನೋಡ್ತೀರಿ? ಗಂಡನ ತಾಯಿ ಹೆಸರು ನಾನು ಹೇಳ್ಲಾ? ನಾಲಿಗೆ ಬಿದ್ದೋಗುತ್ತೆ!"

"ನಂಗೂ ಆಗಲ್ಲಪ್ಪ" ಎಂದ ಕೊಸ್ಮಾಸ್. "ನನ್ನ ಹೆಂಡ್ತಿ ಅವರ ತಂಗಿ ಮಗಳು. ನಂಗೂ ಅತ್ತೇನೇ."

ಹೇಳಬಹುದಾಗಿದ್ದವನು ಸಬೀನಾಳ ಗಂಡ, ಹೆತ್ತ ಮಗ. ಅವನೂ ಆಚೆ ದಡದ ಅವಳ ರಕ್ತಸಂಬಂಧಿಗಳೂ ಬೆಳಗ್ಗೆಯೇ ಒಂದೇ ದೋಣಿ ಹತ್ತಿ ಪಟ್ಟಣಕ್ಕೆ ಹೋಗಿದ್ದರು. ಕತ್ತಲಾಗುವವರೆಗೆ ಬರುವವರಲ್ಲ. ಅತ್ತೆಯನ್ನೇ ಕೇಳಿಸೋಣವೆಂದರೆ, ಅಳಿಯನ ಚಾಕರಿಗೆ ಅತ್ತೆಯನ್ನು ಕರೆಯುವುದು ಹೆಸರು ಹೇಳುವುದಕ್ಕಿಂತ ದೊಡ್ಡ ನಾಚಿಕೆ. ಈ ದಡದವರೆಲ್ಲ ಅವಳಿಗೆ ಮದುವೆಯ ನಂಟರು, ಅವರಿಗೂ ಅದೇ ತಂಬು. ಉಳಿದವನು ವೈಮ್. ಅವನಿಗೆ ಯಾವ ತಂಬುವೂ ಇಲ್ಲ, ಯಾರ ಹೆಸರನ್ನಾದರೂ ಕೂಗಬಹುದು. ಆದರೆ ಅವನಿಗೆ ಹೆಸರು ಗೊತ್ತಿಲ್ಲ. ಅಂಗಡಿಗೆ ಬಂದಾಗೆಲ್ಲ ಅವಳನ್ನು ಅಜ್ಜಿ ಎಂದೇ ಕರೆದವನು.

"ಅದಕ್ಕೇನು, ನೀವು ಹೇಳಿ, ನಾನು ಹೇಳ್ತೀನಿ" ಎಂದ ವೈಮ್ ಸಲೀಸಾಗಿ.

"ನಾವು ಹೇಳೋ ಹಾಗಿದ್ರೆ ನೀನ್ಯಾಕಯ್ಯಾ?" ಎಂದು ಕೊಸ್ಮಾಸ್ ರೇಗಿದ. "ತೋರಿಸ್ತೀವಿ, ಊಹಿಸು."

ಕೊಸ್ಮಾಸ್ ಅಡಿಕೆಯಿಂದ ಕೆಂಪಾದ ಹಲ್ಲನ್ನೆಲ್ಲ ಕಿರಿದು ತೋರಿಸಿದ.

"ನಾಯಿ" ಎಂದ ವೈಮ್.

ಸಬೀನಾ ಕೆನ್ನೆ ಹಿಡಿದುಕೊಂಡು ನರಳಿದಳು.

"ಗಂಡ ಹೊಡೆದ."

"ಹಲ್ಲುನೋವು ಕಣಯ್ಯಾ! ಹಲ್ಲುನೋವಿಗೆ ಹರಕೆ ಹೊರ್ತಾರಲ್ಲ, ಆ ಸಂತಳು! ಚರ್ಚಲ್ಲಿ ಎಡಗಡೆ ಗೋಡೆ ಮೇಲೆ ಇಕ್ಕಳ ಹಿಡ್ಕೊಂಡು ನಿಂತಿಲ್ವಾ, ಅವಳ ಹೆಸರೇ ಇವರದ್ದು!"

"ನಾನು ನಿಮ್ಮ ಚರ್ಚಿಗೆ ಬರೋನಲ್ಲ. ನಮ್ಮ ಸಭೆ ಗೋಡೆ ಮೇಲೆ ಬರೀ ಗಡಿಯಾರ ಇರೋದು."

ಸೂರ್ಯ ತೆಂಗಿನ ತಲೆಯಿಂದ ಕೆಳಗಿಳಿದಿದ್ದ. ಇಗ್ನಾಸ್ ಅದನ್ನು ನೋಡಿದ, ವೈಮನ ಕೈ ಹಿಡಿದು ಎಳೆದುಕೊಂಡೇ ಚರ್ಚಿಗೆ ಓಡಿದ. ಹಿಂದೆ ಸಬೀನಾ, ಕೊಸ್ಮಾಸ್, ದಾರಿಯಲ್ಲಿ ಸಿಕ್ಕವರು, ಸಾರ್ಜೆಂಟ್. ಬೇರೆ ಸಭೆಯವನು ಒಳಗೆ ಬರುತ್ತಾನೆಂದರೆ ಮತ ಬದಲಿಸುತ್ತಾನೆಂದೇ ಜನ ತಿಳಿದರು. ಮುದುಕಿಯೊಬ್ಬಳು ಹಾಡನ್ನೂ ಶುರುಮಾಡಿದಳು. ವೈಮ್ ಚಿತ್ರದ ಕೆಳಗೆ ಬಗ್ಗಿ ಅಕ್ಷರ ಕೂಡಿಸತೊಡಗಿದ. ಊರಿಗೂರೇ ಕಿವಿ ಮುಚ್ಚಿಕೊಂಡಿತು.

"ಅ... ಪೊ... ಲೋ..."

"ಮನಸ್ಸಲ್ಲಿ ಓದ್ಕೊಳ್ಳೋ ಮಹರಾಯ!" ಎಂದು ಕೊಸ್ಮಾಸ್ ಕಿವಿ ಮುಚ್ಚಿಕೊಂಡೇ ಅರಚಿದ.

ಮತ್ತೆ ಗಾಲಿಪ್ ಮರ. ಮತ್ತೆ ಗಿಟಾರ್. ಈ ಸಲದ ಹುಡುಗಿ ಇನ್ನೂ ಬಿಗಿ: ಸಿಮ್ಮಿನ ಯಜಮಾನರ ಜೊತೆಯೇ ಮಾತಾಡಬೇಕು ಎಂದಳು. ವೈಮನ ಗಡ್ಡದಿಂದ ಅಜ್ಜಿಯ ದನಿ ಬರುವ ಹಾಗಿರಲಿಲ್ಲ. ಸಬೀನಾ ಮುಂದೆ ಬಂದಳು. "ಮಾತು ನಂದು, ಹೆಸರು ಅವಂದು" ಎಂದು ಪಿಸುಗುಟ್ಟಿ, ಮುದುಕಿಯ ಹಾಗೆ ಕೆಮ್ಮಿ ಶುರುಮಾಡಿದಳು.

"ನಾನೇ ಕಣಮ್ಮಾ ಮಾತಾಡ್ತಿರೋದು. ಬೇಗ ಬೀಗ ತೆಗಿಯಮ್ಮ, ಸೊಂಟ ನೋವು."

"ನಿಮ್ಮ ಹೆಸರು ಹೇಳಿ ಅಮ್ಮಾ."

ಸಬೀನಾ ಕಿವಿ ಮುಚ್ಚಿಕೊಂಡು ಹಿಂದೆ ಸರಿದಳು. ವೈಮ್ ಬಗ್ಗಿ, ಗುಡುಗಿನಂತೆ, "ಅಪೊಲೋನಿಯಾ!" ಎಂದ. ಮರದ ಮೇಲಿನ ಬಾವಲಿಗಳು ಎದ್ದು ಹಾರಿದವು.

ಆ ಕಡೆಯಿಂದ ಹುಡುಗಿ ಕೇಳಿದಳು: "ಅಮ್ಮಾ... ಗಂಟಲು ಸರಿ ಇಲ್ವಾ ನಿಮಗೆ?"

"ಆಗಾಗ ಹೀಗಾಗುತ್ತೆ ಕಣಮ್ಮಾ, ಹೊಗೆ ಜಾಸ್ತಿ" ಎಂದಳು ಸಬೀನಾ ತೆಳ್ಳಗೆ.

"ಆಯ್ತು, ಹೆಸರು ಸಿಕ್ತು. ಒಂದು ಪ್ರಶ್ನೆ ಅಮ್ಮಾ. ನಿಮ್ಮ ಹೆಸರಲ್ಲಿ ಒಂದೇ ದಿನ ತಗೊಂಡಿರೋ ಎರಡು ಸಿಮ್ ಇವೆ. ನಂಬರು ಒಂದರ ಪಕ್ಕ ಒಂದು. ಬೀಗ ಬಿದ್ದಿರೋದು ಯಾವುದಕ್ಕೆ? ಕೊನೆಯ ಅಂಕಿ ಆರಾ, ಏಳಾ?"

ಎಲ್ಲರೂ ಇಗ್ನಾಸನ ಕಡೆ ತಿರುಗಿದರು. "ಆರಾ ಏಳಾ ಹೇಳ್ರೀ ಭಾವ!" ಎಂದು ಸಬೀನಾ ತಿವಿದಳು.

ಇಗ್ನಾಸ್ ಮರದ ಬೇರಿನ ಮೇಲೆ ಮೆಲ್ಲಗೆ ಕುಳಿತ. ಎಲೆಯಲ್ಲಿ ಕಟ್ಟಿದ ಮೀನು ನೆನಪಾಯಿತು. ಇವನ ಕಡೆ ಮಳೆ ಬಂದಾಗೆಲ್ಲ ಫೋನಿನ ಆ ಕಡೆಯೂ ಮಳೆ ಬರುತ್ತಿದ್ದುದು ನೆನಪಾಯಿತು. ಕಾಯಿ ತುರಿಯುವ ಮಣೆಯ ಮಾತಿಗೆ ಅವಳು ನಕ್ಕು ಸುಮ್ಮನಾದದ್ದು ನೆನಪಾಯಿತು.

"ಆರು" ಎಂದ. "ಏಳು... ಏಳು ಅವರ ಹತ್ರ ಇದೆ."

"ಯಾರ ಹತ್ರ?" ಎಂದ ಕೊಸ್ಮಾಸ್. ಇಗ್ನಾಸ್ ಹಳ್ಳದ ಆಚೆ ನೋಡಿದ. ಸಬೀನಾಳಿಗೆ ಮೊದಲು ಹೊಳೆಯಿತು. ಕೈಯನ್ನು ಬಾಯಿಗೆ ಒತ್ತಿಕೊಂಡಳು. "ಅಯ್ಯೋ ಭಾವ! ದಿನಾ ಸಾಯಂಕಾಲ ನೀವು ಇಲ್ಲಿ ಕೂತು ಹಲ್ಲು ಬಿಟ್ಕೊಂಡು ಮಾತಾಡ್ತಿದ್ರಲ್ಲ, ಅದು..."

ಕಂಪನಿಯ ಹುಡುಗಿ ಉದ್ದನೆಯ ನಂಬರು ಹೇಳಿದಳು. ವೈಮ್ ಒತ್ತಿದ. ಬೀಗ ತೆರೆಯಿತು. ಹೊಸ ಪಿನ್ ಹಾಕಿಕೊಟ್ಟ. ಯಾರೂ ಅದನ್ನು ನೋಡಲಿಲ್ಲ, ಎಲ್ಲರೂ ಕೊಸ್ಮಾಸನ ತೀರ್ಪಿಗೆ ಕಾಯುತ್ತಿದ್ದರು.

"ಫೋನಲ್ಲಿ ಮುಖ ಕಾಣಲ್ಲವಲ್ಲ" ಎಂದ ವೈಮ್ ಮೆಲ್ಲಗೆ.

"ಮಾತು ಮಾತೇ" ಎಂದ ಕೊಸ್ಮಾಸ್. ಅವನಿಗೂ ಸ್ವಲ್ಪ ಬೇಜಾರಾಗಿತ್ತು, ದನಿ ಇಳಿದಿತ್ತು. "ಗೊತ್ತಿಲ್ದೆ ಆಡಿದ್ದು ಲೆಕ್ಕಕ್ಕಿಲ್ಲ ಕಣೋ. ಇನ್ಮೇಲೆ ಆಡೋದು ಲೆಕ್ಕಕ್ಕುಂಟು. ಈಗ ಗೊತ್ತಾಯ್ತಲ್ಲ."

ಜನ ಕರಗಿದರು. ಬೆಳಗ್ಗೆಯಿಂದ ಅವನ ಸುತ್ತ ಗಿಜಿಗುಟ್ಟಿದವರು ಹೋಗುವಾಗ ಒಬ್ಬರೂ ಅವನ ಭುಜ ಮುಟ್ಟಲಿಲ್ಲ. ಹೊಸ ಪಿನ್ ಇಗ್ನಾಸನಿಗೆ ಚೆನ್ನಾಗಿ ನೆನಪಿತ್ತು. ಒಂದಂಕಿಯೂ ತಪ್ಪುತ್ತಿರಲಿಲ್ಲ.

ಸೂರ್ಯ ಕಡಲಿಗೆ ತಾಗಿದ. ಫೋನ್ ಹೊಡೆದುಕೊಂಡಿತು. ಕೊನೆಯ ಅಂಕಿ ಏಳು.

ಅವನು ಎತ್ತಲಿಲ್ಲ. ಕರೆ ನಿಂತಿತು. ಮುಗಿಯಿತು ಅಂದುಕೊಂಡ. ಮತ್ತೆ ಹೊಡೆದುಕೊಂಡಿತು. ಪಕ್ಕದಲ್ಲಿ ಸಾರ್ಜೆಂಟ್ ಕಿವಿ ನಿಮಿರಿಸಿ ಅವನ ಮುಖವನ್ನೇ ನೋಡುತ್ತಿತ್ತು. ಇಗ್ನಾಸನಿಗೆ ಹೊಳೆಯಿತು. ನಾಯಿಗೆ ಹೇಳಬಾರದೆಂದು ಯಾವ ಕಟ್ಟಳೆಯಲ್ಲೂ ಇಲ್ಲವಲ್ಲ! ಹಸಿರು ಗುಂಡಿ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ನಾಯಿಯ ಮುಂದಿಟ್ಟು, ಬೆನ್ನು ತಿರುಗಿಸಿ ಕುಳಿತ.

"ಸಾರ್ಜೆಂಟ್" ಎಂದ. "ಫೋನಿಗೆ ಬೀಗ ಬಿದ್ದಿತ್ತು ಅಂತ ಹೇಳಪ್ಪ. ಎತ್ತಬಾರದು ಅಂತಲ್ಲ ಅಂತ ಹೇಳು."

ಕಡಲ ಸದ್ದು. ಆಮೇಲೆ ಗಾಳಿಯೇ ಹೆಚ್ಚಿರುವ ಆ ದನಿ. ಈ ಸಲ ಪಿಜಿನ್ ಅಲ್ಲ, ಊರಿನ ಮಾತು.

"ಸಾರ್ಜೆಂಟ್, ಬಂಗಾರ, ನಿನ್ನ ಯಜಮಾನಂಗೆ ಹೇಳು. ಫೋನಲ್ಲಿರೋದು ಅವನೇ ಅಂತ ನಂಗೆ ಮೊದಲ್ನೇ ಮಳೆಗಾಲದಿಂದಲೇ ಗೊತ್ತಿತ್ತು. ಇವತ್ತು ಹೇಳ್ಬೇಕು ಅಂದ್ಕೊಂಡಿದ್ದು ಏನಂದ್ರೆ..."

ಸಾರ್ಜೆಂಟನಿಗೆ ಆ ದನಿ ಎಂದರೆ ಮೀನಿನ ತಲೆ. ಅದರಲ್ಲೂ ಹೆಸರು ಹಿಡಿದು ಕರೆದಿದ್ದಾಳೆ. ಕಡ್ಡಿಯಂತೆ ಫೋನನ್ನು ಬಾಯಲ್ಲಿ ಕಚ್ಚಿಕೊಂಡು ಎದ್ದು, ಒಂದೇ ನೆಗೆತಕ್ಕೆ ಹಳ್ಳಕ್ಕೆ ಹಾರಿತು.

ಇಗ್ನಾಸ್ ತಿರುಗಿದಾಗ ನೀರಿನೊಳಗೆ ಒಂದು ಬೆಳಕು ಸ್ವಲ್ಪ ದೂರ ಈಜಿ ಆರಿಹೋಯಿತು. ನೀರಿನಿಂದ ದೂರ ಇಡಿ ಎಂದು ಆ ಹುಡುಗಿ ಹೇಳಿದ್ದಳು. ನಾಯಿಯ ವಿಷಯ ಹೇಳಿರಲಿಲ್ಲ.

ಆಚೆ ದಡದಲ್ಲಿ ಕೇದಗೆ ಕೊಪ್ಪೆ ನಿಂತಿತ್ತು. ಇಗ್ನಾಸ್ ರೀತಿಯಂತೆ ಮುಖ ತಿರುಗಿಸಿಕೊಂಡ. ಆದರೂ ಕಣ್ಣಂಚಿನಲ್ಲಿ ಕಂಡಿತು: ಸಾರ್ಜೆಂಟ್ ದಡ ಹತ್ತಿ ಅವಳ ಕಾಲ ಬಳಿ ಫೋನ್ ಇಟ್ಟಿತು, ಅವಳು ಮೀನಿನ ತಲೆ ಕೊಟ್ಟಳು, ಆಮೇಲೆ ನಾಯಿಯ ಮುಂದೆ ಮೆಲ್ಲಗೆ ಕುಕ್ಕುರುಗಾಲಲ್ಲಿ ಕುಳಿತಳು. ಕೊಪ್ಪೆ ಅಲ್ಲಾಡುತ್ತಿತ್ತು. ಹೇಳಬೇಕೆಂದಿದ್ದ ಮಾತನ್ನೆಲ್ಲ ಹೇಳುತ್ತಿದ್ದಳು. ಕಡಲು ಉಕ್ಕಿ ಬರುವ ಭರತದ ಹೊತ್ತು, ಅಳಿವೆಯಲ್ಲಿ ಅಲೆ ದೊಡ್ಡದಾಗಿ ಒಡೆಯುತ್ತಿತ್ತು, ಈ ದಡಕ್ಕೆ ಒಂದು ಮಾತೂ ಕೇಳಿಸಲಿಲ್ಲ. ಸಾರ್ಜೆಂಟ್ ಮಾತ್ರ ತಲೆ ಓರೆ ಮಾಡಿ ಕೊನೆಯವರೆಗೂ ಕೇಳಿತು.

ಈಜಿಕೊಂಡು ವಾಪಸು ಬಂದು, ಮೈ ಝಾಡಿಸಿ ಅವನ ಮೇಲೆಲ್ಲ ನೀರು ಚಿಮುಕಿಸಿ, ಪಕ್ಕದಲ್ಲಿ ಕುಳಿತಿತು.

"ಏನಂದ್ರು?" ಎಂದ ಇಗ್ನಾಸ್.

ಸಾರ್ಜೆಂಟ್ ಬಾಯಿ ನೆಕ್ಕಿಕೊಂಡಿತು.